ಮನೆ ಎಲ್ಲರದ್ದು, ಪತ್ರ ಯಾರದ್ದು?

ಹೊಸ ಮನೆಯ ಒಕ್ಕಲು ಎಂದರೆ ನಮ್ಮಲ್ಲಿ ಮದುವೆಗಿಂತ ಕಡಿಮೆಯ ಗೌಜಿ ಅಲ್ಲ. ಉಸ್ತಾದರು ಬಂದು ದುಆ ಮಾಡುತ್ತಾರೆ. ಬಿರಿಯಾನಿ ಬಡಿಸುವ ಮೊದಲು ನೆಂಟರೆಲ್ಲ ಒಂದು ಸುತ್ತು ಕೋಣೆ ಕೋಣೆ ನೋಡಿ ಬರುತ್ತಾರೆ. ಹೆಂಗಸರು ಅಡುಗೆಮನೆಯ ಗ್ರಾನೈಟಿನ ಮೇಲೆ ಕೈಯಾಡಿಸುತ್ತಾರೆ, ಗಂಡಸರು ಟೆರೇಸಿಗೆ ಹತ್ತಿ ನೀರಿನ ಟ್ಯಾಂಕು ಎಷ್ಟು ಲೀಟರಿನದ್ದು ಎಂದು ವಿಚಾರಿಸುತ್ತಾರೆ. ಟೈಲ್ಸ್ ಎಲ್ಲಿಂದ ತಂದದ್ದು, ಬಾಗಿಲಿನ ಮರ ಹಲಸಿನದ್ದೋ ತೇಗದ್ದೋ, ಮೇಸ್ತ್ರಿ ಯಾರು, ಒಟ್ಟು ಎಷ್ಟು ಬಿತ್ತು, ಎಲ್ಲ ಕೇಳುತ್ತೇವೆ. ಒಂದು ಪ್ರಶ್ನೆ ಮಾತ್ರ ಯಾರೂ ಕೇಳುವುದಿಲ್ಲ. ಪತ್ರ ಯಾರ ಹೆಸರಲ್ಲಿದೆ? ಕೇಳಿದರೆ ಅಧಿಕಪ್ರಸಂಗ. ಬೇರೆಯವರ ಮನೆಯ ವಿಷಯದಲ್ಲಿ ಕೇಳದೆ ಇರುವುದು ಮರ್ಯಾದೆ, ಸರಿ. ಆದರೆ ಆ ಮನೆಗೆ ದುಡ್ಡು ಹಾಕಿದವರೂ ಕೇಳುವುದಿಲ್ಲವಲ್ಲ, ನಮ್ಮ ಇವತ್ತಿನ ಮಾತು ಅದರ ಬಗ್ಗೆ.

ನಮ್ಮ ಕಡೆ ಮನೆಗಳು ಒಬ್ಬನ ದುಡ್ಡಿನಿಂದ ಏಳುವುದು ಕಡಿಮೆ. ಜಾಗ ಉಪ್ಪನದ್ದು ಇರುತ್ತದೆ, ಹೆಚ್ಚಾಗಿ ಡಿಕ್ಲರೇಶನಿನಲ್ಲಿ ಸಿಕ್ಕಿದ್ದು ಅಥವಾ ಅಜ್ಜನಿಂದ ಬಂದದ್ದು. ಪಂಚಾಂಗಕ್ಕೆ ಬೇಕಾದ ಕೆಂಪು ಕಲ್ಲು ಜೆದ್ದಾದಲ್ಲಿರುವ ದೊಡ್ಡವನ ದುಡ್ಡಿನಿಂದ ಬರುತ್ತದೆ. ಗೋಡೆ ಲಿಂಟಲ್‌ವರೆಗೆ ಬಂದು ಒಂದು ಮಳೆಗಾಲ ಪಾಚಿ ಹಿಡಿದು ನಿಂತರೆ, ದುಬೈಯಲ್ಲಿರುವ ಎರಡನೆಯವನು ಕೈಕೊಡುತ್ತಾನೆ. ಸ್ಲ್ಯಾಬಿನ ದಿನ ಹತ್ತಿರ ಬಂದಾಗ ಸೊಸೆಯ ಬಂಗಾರ ಅಂಗಡಿಗೆ ಹೋಗುತ್ತದೆ. ಉಮ್ಮ ಬೀಡಿ ಕಟ್ಟಿ ಕೂಡಿಸಿದ ಪಿಎಫ್ ಹಣ ಬಾತ್‌ರೂಮಿನ ಟೈಲ್ಸ್ ಆಗುತ್ತದೆ. ಊರಲ್ಲೇ ಇರುವ ಕಿರಿಯವನ ಹತ್ತಿರ ದುಡ್ಡಿಲ್ಲ, ಅವನು ಎರಡು ವರ್ಷ ತನ್ನ ಕೆಲಸ ಬಿಟ್ಟು ಸಿಮೆಂಟಿಗೆ ನೀರು ಹಾಕಿಸಿ, ಆಳುಗಳಿಗೆ ಚಾ ಕೊಟ್ಟು, ಪಂಚಾಯತಿಗೂ ತಾಲೂಕು ಆಫೀಸಿಗೂ ತಿರುಗುತ್ತಾನೆ. ಅದಕ್ಕೆ ಸಂಬಳ ಯಾರೂ ಲೆಕ್ಕ ಹಾಕಿಲ್ಲ. ಹೀಗೆ ಆರೇಳು ಕೈ ಸೇರಿ ಒಂದು ಮನೆ.

ಇದು ನಮ್ಮ ದೊಡ್ಡ ಶಕ್ತಿ ಎಂದು ನಾವು ಮೊದಲೇ ಹೇಳಿಬಿಡುತ್ತೇವೆ. ಬಡ್ಡಿ ಬೇಡ ಎಂದು ಬ್ಯಾಂಕಿನ ಮೆಟ್ಟಿಲು ಹತ್ತದ ಎಷ್ಟೋ ಕುಟುಂಬಗಳು ಬಾಡಿಗೆ ಮನೆಯಿಂದ ಸ್ವಂತ ಸೂರಿಗೆ ಬಂದದ್ದು ಹೀಗೆ ಮನೆಯೊಳಗೇ ಕೈ ಸೇರಿಸಿ. ನೆರೆಮನೆಯ ಹತ್ತು ಹನ್ನೆರಡು ಹೆಂಗಸರು ಸೇರಿ ತಿಂಗಳು ತಿಂಗಳು ಸಮನಾಗಿ ಹಾಕಿ, ಚೀಟಿ ಎತ್ತಿ, ಬಂದವಳಿಗೆ ಪೂರ್ತಿ ಮೊತ್ತ ಕೊಟ್ಟು, ಒಂದು ಪೈಸೆ ಕಡಿತ ಇಲ್ಲದೆ ಮುಗಿಸುವ ಲೆಕ್ಕವನ್ನು ನೋಡಿದರೆ ಯಾವ ಬ್ಯಾಂಕ್ ಮ್ಯಾನೇಜರನೂ ತಲೆದೂಗಬೇಕು. ತಮಾಷೆಯೆಂದರೆ, ಆ ಚೀಟಿಗೆ ನೂರು ಪೇಜಿನ ಪುಸ್ತಕ ಇರುತ್ತದೆ, ಯಾರು ಯಾವ ತಿಂಗಳು ಕೊಟ್ಟರು ಎಂಬುದಕ್ಕೆ ಗುರುತು ಇರುತ್ತದೆ. ತಿಂಗಳಿಗೆ 1,000 ರೂಪಾಯಿಯ ಚೀಟಿಗೆ ಪುಸ್ತಕ ಇದೆ, 60 ಲಕ್ಷದ ಮನೆಗೆ ಇಲ್ಲ.

ನಾವು ಜಮಾಅತಿನ ಪಂಚಾತಿಕೆಗಳಲ್ಲಿ ಕೂರುವವರು. ಒಂದು ಮನೆಯ ವಿಷಯ ಹೇಳುತ್ತೇವೆ. ಹೆಸರು ಬೇಡ, ಊರೂ ಬೇಡ. ಓದಿದವರಲ್ಲಿ ಹಲವರಿಗೆ ತಮ್ಮ ಪಕ್ಕದ ಮನೆಯದ್ದೇ ಎನ್ನಿಸಬಹುದು.

ಆ ಮನೆಯ ದೊಡ್ಡ ಮಗ 14 ವರ್ಷ ದಮಾಮ್‌ನಲ್ಲಿದ್ದವನು. ಉಪ್ಪನ ಹೆಸರಿನ 8 ಸೆಂಟ್ಸ್ ಜಾಗದಲ್ಲಿ ಹಳೆಯ ಹಂಚಿನ ಮನೆ ಕೆಡವಿ ಎರಡು ಅಂತಸ್ತಿನ ತಾರಸಿ ಮನೆ ಎದ್ದದ್ದು ಅರ್ಧಕ್ಕಿಂತ ಹೆಚ್ಚು ಅವನ ದುಡ್ಡಿನಿಂದ. ಸ್ಲ್ಯಾಬಿಗೆ ಅವನ ಹೆಂಡತಿಯ 26 ಪವನು ಹೋಯಿತು. ಇಬ್ಬರು ತಮ್ಮಂದಿರು ತಮ್ಮಿಂದಾದಷ್ಟು ಹಾಕಿದರು. ಒಕ್ಕಲು ಆಗಿ ಮೂರು ವರ್ಷ. ಒಂದು ದಿನ ಫಜ್ರ್ ನಮಾಝ್ ಮುಗಿಸಿ ಕೋಣೆಗೆ ಬಂದವನು ಎದೆ ಹಿಡಿದುಕೊಂಡು ಕೂತ, ಮತ್ತೆ ಏಳಲಿಲ್ಲ. 39 ವರ್ಷ. ದಫನ್ ಅಲ್ಲೇ ಆಯಿತು. ಊರಲ್ಲಿ ಹೆಂಡತಿ, 11 ಮತ್ತು 7 ವರ್ಷದ ಇಬ್ಬರು ಮಕ್ಕಳು.

ಯಾರೂ ಅವಳನ್ನು ಮನೆಯಿಂದ ಹೊರಗೆ ಹಾಕಲಿಲ್ಲ. ಹಾಗೆ ಮಾಡುವ ಜನ ಅವರಲ್ಲ. ಇದ್ದತ್ತಿನ 4 ತಿಂಗಳು 10 ದಿನ ಅತ್ತೆ ಅವಳ ಪಕ್ಕದಲ್ಲೇ ಮಲಗಿದರು. ಆಮೇಲೆ ಎರಡನೆಯ ಮಗನ ಹೆಂಡತಿಗೆ ಮೇಲಿನ ಕೋಣೆ ಬೇಕಾಯಿತು. ಕಿರಿಯವನಿಗೆ ಮದುವೆ ಮಾತು ಶುರುವಾಯಿತು. ಒಂದು ದಿನ ಯಾರೋ ಹೇಳಿದರು, "ನೀನು ತವರಲ್ಲಿ ಸ್ವಲ್ಪ ದಿನ ಇದ್ದು ಬಾ ಮಗಳೇ, ಮನಸ್ಸಿಗೆ ಹಗುರ ಆಗ್ತದೆ." ಆ ಸ್ವಲ್ಪ ದಿನ ಎಂದರೆ ಏನು ಎಂದು ಅವಳಿಗೆ ಗೊತ್ತಾಯಿತು. ಅವಳ ಅಣ್ಣ ಜಮಾಅತಿಗೆ ಬಂದ.

ಪಂಚಾತಿಕೆಯಲ್ಲಿ ನಾವು ಕೇಳಿದ ಮೊದಲ ಪ್ರಶ್ನೆ, ಮನೆ ಯಾರ ಹೆಸರಲ್ಲಿದೆ? ಉಪ್ಪನ ಹೆಸರಲ್ಲಿ. ಉಪ್ಪ ಬದುಕಿದ್ದಾರೆ. ಮಗ ಉಪ್ಪನಿಗಿಂತ ಮುಂಚೆ ಹೋದ. ಶರೀಅತ್ತಿನ ಪಾಲಿನ ಪ್ರಕಾರ ಉಳಿದ ಗಂಡುಮಕ್ಕಳು ಇರುವಾಗ ಮೊದಲೇ ತೀರಿಹೋದ ಮಗನ ಮಕ್ಕಳಿಗೆ ಅಜ್ಜನ ಆಸ್ತಿಯಲ್ಲಿ ವಾರೀಸು ಪಾಲು ಬರುವುದಿಲ್ಲ. ಸೊಸೆಗೆ ಮೊದಲೇ ಇಲ್ಲ. ಯಾರ ಬೆವರಿನಿಂದ ಸ್ಲ್ಯಾಬು ಬಿತ್ತೋ ಅವನ ಮಕ್ಕಳು ಆ ಮನೆಯಲ್ಲಿ ಅತಿಥಿಗಳು. ಸಭೆಯಲ್ಲಿದ್ದ ಯುವಕನೊಬ್ಬ ಮೆಲ್ಲಗೆ, "ಇದು ಅನ್ಯಾಯ ಅಲ್ವಾ ಉಸ್ತಾದ್?" ಎಂದ. ಉಸ್ತಾದರು ಹೇಳಿದ್ದು ನೆನಪಿದೆ. ಪಾಲಿನ ಕಾನೂನು ಉಪ್ಪನ ಆಸ್ತಿಗೆ ಅನ್ವಯಿಸುವುದು, ಮಗನ ದುಡ್ಡು ಉಪ್ಪನ ಆಸ್ತಿ ಆದದ್ದು ಹೇಗೆ ಎಂದು ನೀವು ಹೇಳಿ ಎಂದರು. ಯಾರಿಗೂ ಹೇಳಲಾಗಲಿಲ್ಲ. ಮಗ ಕಳಿಸಿದ ದುಡ್ಡು ಉಪ್ಪನಿಗೆ ಕೊಟ್ಟ ಹಿಬಾವೋ, ಕರ್ಝೋ, ಅಥವಾ ಮನೆಯಲ್ಲಿ ಅವನ ಪಾಲೋ? ಕಳಿಸಿದವನು ಹೇಳಲಿಲ್ಲ, ಪಡೆದವರು ಕೇಳಲಿಲ್ಲ.

ಎಲ್ಲ ಗಂಟು ಇರುವುದು ಈ ಮೂರು ಶಬ್ದಗಳಲ್ಲಿ. ನಮ್ಮಲ್ಲಿ ಬಹಳ ಜನ ಒಂದು ತಪ್ಪು ತಿಳಿವಳಿಕೆಯಲ್ಲಿದ್ದಾರೆ. ಒಟ್ಟಿಗೆ ದುಡಿದು, ಒಟ್ಟಿಗೆ ಉಂಡು, ಒಟ್ಟಿಗೆ ಕಟ್ಟಿದ ಮನೆ "ಕುಟುಂಬದ ಆಸ್ತಿ" ಆಗುತ್ತದೆ ಎಂದು. ಹಿಂದೂ ಕಾನೂನಿನಲ್ಲಿ ಅವಿಭಕ್ತ ಕುಟುಂಬದ ಆಸ್ತಿ ಎಂಬುದೊಂದು ಇದೆ. ಮುಸ್ಲಿಂ ಕಾನೂನಿನಲ್ಲಿ ಅಂಥದ್ದಿಲ್ಲ. ಹತ್ತು ಜನ ಒಂದೇ ಚೆಂಬಿನಿಂದ ಉಂಡರೂ ಪ್ರತಿಯೊಬ್ಬನ ಆಸ್ತಿ ಅವನವನದ್ದು, ಹೆಂಡತಿಯದ್ದು ಹೆಂಡತಿಯದ್ದು. ಇದು ಹೆಂಗಸರಿಗೂ ಕಿರಿಯರಿಗೂ ದೊಡ್ಡ ರಕ್ಷಣೆ, ಆದರೆ ಬರೆದಿಟ್ಟರೆ ಮಾತ್ರ. ಬರೆಯದಿದ್ದರೆ ಅದೇ ಕಾನೂನು ತಿರುಗಿ ನಿಲ್ಲುತ್ತದೆ. ಪತ್ರದಲ್ಲಿ ಯಾರ ಹೆಸರಿದೆಯೋ ಅವರ ಆಸ್ತಿ, ಅವರ ನಂತರ ಅವರ ವಾರೀಸುದಾರರದ್ದು.

ಒಂದು ಲೆಕ್ಕ ನೋಡೋಣ. ಉಪ್ಪನ ಹೆಸರಿನ ಮನೆ 64 ಲಕ್ಷ ಬೆಲೆ ಬಾಳುತ್ತದೆ ಎಂದು ಇಟ್ಟುಕೊಳ್ಳಿ. ಉಮ್ಮ, ಮೂವರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ಉಪ್ಪ ತೀರಿಹೋದರೆ ಉಮ್ಮನಿಗೆ ಎಂಟನೆಯ ಒಂದು ಭಾಗ, 8 ಲಕ್ಷ. ಉಳಿದ 56 ಲಕ್ಷದಲ್ಲಿ ಒಬ್ಬೊಬ್ಬ ಮಗನಿಗೆ 14 ಲಕ್ಷ, ಒಬ್ಬೊಬ್ಬ ಮಗಳಿಗೆ 7 ಲಕ್ಷ. ಆ ಮನೆಗೆ ದೊಡ್ಡವನು 30 ಲಕ್ಷ ಹಾಕಿದ್ದರೂ ಅವನಿಗೆ ಬರುವುದು 14. ಏನೂ ಹಾಕದವನಿಗೂ 14. ಈಗ ದೊಡ್ಡವನ ಹೊಟ್ಟೆ ಉರಿಯುತ್ತದೆ. ಸಿಟ್ಟು ಯಾರ ಮೇಲೆ? ತಮ್ಮನ ಮೇಲಲ್ಲ. 7 ಲಕ್ಷದ ತಂಗಿಯರ ಮೇಲೆ. "ನಾವು ಮರುಭೂಮಿಯಲ್ಲಿ ಬೆಂದು ಕಟ್ಟಿದ್ದರಲ್ಲಿ ಇವರಿಗೆ ಪಾಲು ಬೇಕಂತೆ!" ಎಂಬ ಮಾತನ್ನು ನಾವು ಒಂದಲ್ಲ, ಹತ್ತು ಪಂಚಾತಿಕೆಯಲ್ಲಿ ಕೇಳಿದ್ದೇವೆ. ತಂಗಿ ಕೇಳುವುದು ಅಲ್ಲಾಹನು ಅವಳಿಗೆ ನಿಗದಿ ಮಾಡಿದ ಪಾಲು. ಅಣ್ಣ ಹೇಳುವುದರಲ್ಲಿಯೂ ಸತ್ಯ ಇದೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಜಾಗ ಉಪ್ಪನದ್ದು, ಕಟ್ಟಡದಲ್ಲಿ ಮಗನ ದುಡ್ಡು ಇಷ್ಟು ಎಂದು ಆ ದಿನವೇ ಒಂದು ಕಾಗದದಲ್ಲಿ ಬಂದಿದ್ದರೆ ತಂಗಿಯರಿಗೆ ಉಪ್ಪನದ್ದರಲ್ಲಿ ನ್ಯಾಯವಾದ ಪಾಲು ಸಿಗುತ್ತಿತ್ತು, ಅಣ್ಣನದ್ದು ಅಣ್ಣನಿಗೆ ಉಳಿಯುತ್ತಿತ್ತು. ಬರೆಯದ ಕಾರಣ ತಂಗಿಯರು ಹಬ್ಬಕ್ಕೆ ತವರಿಗೆ ಬರುವುದನ್ನು ಬಿಟ್ಟ ಮನೆಗಳಿವೆ. ತಂಗಿಯ ಪಾಲನ್ನು ನುಂಗಲಿಕ್ಕೆ ಇದೇ ಒಳ್ಳೆಯ ನೆಪ ಎಂದು ಮಾಡಿಕೊಂಡವರೂ ಇದ್ದಾರೆ, ಅದನ್ನೂ ಹೇಳದೆ ಬಿಡುವುದು ಸರಿಯಲ್ಲ.

ಇನ್ನು ಬಂಗಾರ. ಮಹ್ರ್ ಆಗಿ ಬಂದದ್ದು, ತವರಿನವರು ಹಾಕಿದ್ದು, ಎರಡೂ ಅವಳದ್ದೇ. ಗಂಡನಿಗೆ ಅದರಲ್ಲಿ ಹಕ್ಕಿಲ್ಲ ಎಂದು ಮದ್ರಸದ ಮಕ್ಕಳಿಗೂ ಗೊತ್ತು. ಆದರೂ ಸ್ಲ್ಯಾಬು ಹಾಕುವ ಮುನ್ನಾ ದಿನ ರಾತ್ರಿ ಕೇಳುವ ಧಾಟಿ ಹೇಗಿರುತ್ತದೆ? "ಮನೆ ನಮ್ಮದೇ ಅಲ್ವಾ, ಆಮೇಲೆ ಮಾಡಿಸಿ ಕೊಡುವಾ." ಅವಳು ಬಿಚ್ಚಿ ಕೊಡುತ್ತಾಳೆ. ಕೊಡದಿದ್ದರೆ ಹೆಸರು ಕೆಡುತ್ತದೆ. ಅಂಗಡಿಯ ಬಿಲ್ಲು ಗಂಡನ ಹೆಸರಲ್ಲಿ ಆಗುತ್ತದೆ. "ಆಮೇಲೆ" ಬರುವುದೇ ಇಲ್ಲ. ಬಂದರೂ, ಮಾರಿದ ದಿನದ ರೂಪಾಯಿ ಲೆಕ್ಕ ಹಾಕಿ ಕೊಡುತ್ತಾರೆ. ಹತ್ತು ವರ್ಷದ ಹಿಂದೆ ಮಾರಿದ ಬಂಗಾರದ ಆ ದಿನದ ಮೊತ್ತಕ್ಕೆ ಇವತ್ತು ಅರ್ಧ ಬಂಗಾರವೂ ಬರುವುದಿಲ್ಲ. ಹಾಗಾಗಿ ಕೊಡುವ ದಿನವೇ ಮಾತಾಗಬೇಕು. ಕೊಡುತ್ತಿರುವುದು ಬಂಗಾರವೋ ಹಣವೋ? ಬಂಗಾರ ಎಂದಾದರೆ ತೂಕ ಬರೆಯಬೇಕು, 26 ಪವನು ಎಂದರೆ 208 ಗ್ರಾಂ, ತಿರುಗಿ ಅಷ್ಟೇ ತೂಕ ಕೊಡಬೇಕು. ಇದರಲ್ಲಿ ಬಡ್ಡಿಯ ಪ್ರಶ್ನೆ ಬರುವುದಿಲ್ಲ, ಕೊಟ್ಟದ್ದನ್ನೇ ತಿರುಗಿ ಕೊಟ್ಟದ್ದು. ಸಾಲ ಬೇಡ, ಮನೆಯಲ್ಲೇ ಪಾಲು ಇರಲಿ ಎಂದು ಅವಳು ಹೇಳಿದರೆ ಪತ್ರದಲ್ಲಿ ಅವಳ ಹೆಸರೂ ಬರಬೇಕು. ನಾನು ಖುಷಿಯಿಂದ ಕೊಟ್ಟದ್ದು, ತಿರುಗಿ ಬೇಡ ಎಂದರೆ ಅದೂ ಅವಳ ಇಷ್ಟ. ಆದರೆ ಅತ್ತೆ ಮಾವ ನಾದಿನಿಯರು ಸುತ್ತ ಕೂತಿರುವಾಗ ಹೇಳಿದ "ಖುಷಿ"ಯನ್ನು ನಾವು ಪಂಚಾತಿಕೆಯಲ್ಲಿ ಖುಷಿ ಎಂದು ಒಪ್ಪುವುದಿಲ್ಲ.

ಜನಾಝ ಎತ್ತುವ ಮೊದಲು ಅಂಗಳದಲ್ಲಿ ಒಂದು ಮಾತು ಕೂಗಿ ಹೇಳುವುದುಂಟು. ಮೈಯತ್ತಿನಿಂದ ಯಾರಿಗಾದರೂ ಸಾಲ ಬರಬೇಕಿದ್ದರೆ ಮಕ್ಕಳಿಗೆ ತಿಳಿಸಿ ಎಂದು. ಅಂಗಡಿಯವನು ಬರುತ್ತಾನೆ, ಜೀಪಿನ ಬಾಡಿಗೆಯವನು ಬರುತ್ತಾನೆ. ಒಳಗೆ ಕೋಣೆಯಲ್ಲಿ ಕೂತ ಸೊಸೆ ಅಂಗಳಕ್ಕೆ ಬಂದು ನನ್ನದು 26 ಪವನು ಬರಬೇಕು ಎನ್ನುತ್ತಾಳೆಯೇ? ನಾವು ಇಷ್ಟು ವರ್ಷದಲ್ಲಿ ಒಮ್ಮೆಯೂ ಕೇಳಿಲ್ಲ.

ಬರೆಯದೆ ಇರುವುದಕ್ಕೆ ಕಾರಣ ಗೊತ್ತಿಲ್ಲದೆ ಅಲ್ಲ. ನಾಚಿಕೆ. ಉಪ್ಪನ ಎದುರು ಕಾಗದ ತೆಗೆದರೆ ಉಪ್ಪನಿಗೆ ಬೇಜಾರು. "ಉಪ್ಪ ಕಣ್ಮುಚ್ಚುವ ಮೊದಲೇ ಪಾಲು ಕೇಳಿದ" ಎಂದು ಊರು ಆಡಿಕೊಳ್ಳುತ್ತದೆ. ಗಲ್ಫಿನಿಂದ ಮಗ ಏನಾದರೂ ಹೀಗೆ ಹೇಳಿದನೋ, "ಇದು ಅವನ ಬುದ್ಧಿ ಅಲ್ಲ, ಹೆಂಡತಿ ಹೇಳಿಕೊಟ್ಟದ್ದು" ಎಂಬ ತೀರ್ಪು ಅದೇ ದಿನ ಸಂಜೆಗೆ ಬರುತ್ತದೆ. ಪ್ರೀತಿ ಇರುವಲ್ಲಿ ಲೆಕ್ಕ ಯಾಕೆ ಎಂಬುದು ಇನ್ನೊಂದು ಮಾತು. ಕುರ್‌ಆನಿನ ಅತಿ ಉದ್ದದ ಆಯತ್ ಯಾವುದರ ಬಗ್ಗೆ? ನಮಾಝಿನ ಬಗ್ಗೆ ಅಲ್ಲ, ಉಪವಾಸದ ಬಗ್ಗೆ ಅಲ್ಲ. ಅಲ್ ಬಕರದ 282ನೆಯ ಆಯತ್, ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆ. ಚಿಕ್ಕದಿರಲಿ ದೊಡ್ಡದಿರಲಿ ಬರೆಯಲು ಬೇಸರಿಸಬೇಡಿ, ಸಾಕ್ಷಿ ಇಡಿ ಎಂಬ ಅರ್ಥ ಅದರಲ್ಲಿದೆ. ಅಣ್ಣ ತಮ್ಮಂದಿರಾದರೆ ಬೇಡ ಎಂಬ ರಿಯಾಯಿತಿ ಅಲ್ಲಿಲ್ಲ. ಪ್ರೀತಿ ಇರುವಾಗಲೇ ಬರೆಯುವುದು ಸುಲಭ. ಜಗಳ ಶುರುವಾದ ಮೇಲೆ ಬರೆಯಲು ಕೂತರೆ ಒಂದು ಸಾಲಿಗೆ ಒಂದು ವಕೀಲ.

ಹೇಗೆ ಬರೆಯುವುದು ಎಂದು ಕೇಳುವವರಿಗೆ ನಮಗೆ ಗೊತ್ತಿದ್ದಷ್ಟು ಹೇಳುತ್ತೇವೆ. ಸಾಲ ಎಂದಾದರೆ ಛಾಪಾ ಕಾಗದದಲ್ಲಿ ಮೊತ್ತ ಅಥವಾ ತೂಕ, ತಾರೀಕು, ತಿರುಗಿ ಕೊಡುವ ವಾಯಿದೆ, ಎರಡೂ ಕಡೆಯವರ ಸಹಿ, ಇಬ್ಬರು ಸಾಕ್ಷಿಗಳು. ಇಷ್ಟು ಸಾಕು. ಆದರೆ ಕೋರ್ಟಿನ ದೃಷ್ಟಿಯಲ್ಲಿ ಸಾಲಕ್ಕೆ ಸಾಮಾನ್ಯವಾಗಿ ಮೂರು ವರ್ಷದ ಅವಧಿ ಇದೆ. ಅದು ಮುಗಿಯುವ ಮೊದಲು ಪಡೆದವರು "ಹೌದು, ಇಷ್ಟು ಕೊಡಲಿಕ್ಕಿದೆ" ಎಂದು ಮತ್ತೊಮ್ಮೆ ಬರೆದು ಸಹಿ ಹಾಕಿದರೆ ಅವಧಿ ಮುಂದೆ ಹೋಗುತ್ತದೆ. ಅಲ್ಲಾಹನ ಎದುರು ಸಾಲಕ್ಕೆ ವಾಯಿದೆ ಮುಗಿಯುವುದಿಲ್ಲ, ಅದು ಬೇರೆ. ಹೀಗೆ ಸಾಲ ಎಂದು ಬರೆದಿದ್ದರೆ ಉಪ್ಪ ತೀರಿಹೋದಾಗ ಮೊದಲು ಸಾಲ ತೀರಬೇಕು, ಆಮೇಲೆಯೇ ಪಾಲು. ಅಂದರೆ 64 ಲಕ್ಷದಲ್ಲಿ ದೊಡ್ಡವನ 30 ಮೊದಲು ಹೊರಗೆ ಬರುತ್ತದೆ, ಉಳಿದ 34ರಲ್ಲಿ ಎಲ್ಲರಿಗೂ ಪಾಲು.

ಪಾಲು ಎಂದಾದರೆ ಛಾಪಾ ಕಾಗದ ಸಾಲದು. ಸ್ಥಿರಾಸ್ತಿಯ ಹಕ್ಕು ಬರಬೇಕಾದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಬೇಕು. ಹೊಸದಾಗಿ ನಿವೇಶನ ತೆಗೆಯುವವರಿಗೆ ಇದು ಬಹಳ ಸುಲಭ. ಕ್ರಯಪತ್ರದಲ್ಲಿ ಇಬ್ಬರು ಮೂವರ ಹೆಸರು ಹಾಕಿ, ಯಾರಿಗೆ ಎಷ್ಟು ಭಾಗ ಎಂದೂ ಬರೆಸಬಹುದು. ಅಣ್ಣನಿಗೆ ನೂರಕ್ಕೆ 50, ತಮ್ಮನಿಗೆ 30, ಅತ್ತಿಗೆಗೆ 20. ಏನೂ ಬರೆಯದೆ, ಯಾರು ಎಷ್ಟು ಕೊಟ್ಟರು ಎಂಬುದಕ್ಕೆ ಪುರಾವೆಯೂ ಇಲ್ಲದಿದ್ದರೆ ಕಾನೂನು ಎಲ್ಲರಿಗೂ ಸಮಪಾಲು ಎಂದು ಎಣಿಸುತ್ತದೆ. ನೋಂದಣಿಯ ದಿನ ಗಲ್ಫಿನಲ್ಲಿರುವವನು ಬರಲೇಬೇಕೆಂದಿಲ್ಲ. ಅಲ್ಲಿನ ಭಾರತೀಯ ದೂತಾವಾಸದಲ್ಲಿ ಮುಕ್ತಿಯಾರು ಪತ್ರ ದೃಢೀಕರಿಸಿ ಕಳಿಸಿದರೆ, ಊರಿಗೆ ಬಂದ ಮೂರು ತಿಂಗಳೊಳಗೆ ಅದಕ್ಕೆ ಮುದ್ರಾಂಕ ಕಟ್ಟಿದರೆ ಆಯಿತು. ಉಪ್ಪನ ಹಳೆಯ ಜಾಗದಲ್ಲೇ ಕಟ್ಟುವುದಾದರೆ ಕೆಂಪು ಕಲ್ಲಿನ ಲಾರಿ ಬರುವ ಮೊದಲು ಉಪ್ಪ ಆ ಜಾಗದ ಒಂದು ಭಾಗವನ್ನು ಮಗನಿಗೆ ಹಿಬಾ ಮಾಡಬೇಕು. ಹಿಬಾಕ್ಕೆ ಮೂರು ಬೇಕು, ಕೊಟ್ಟೆ ಎಂಬ ಮಾತು, ತೆಗೆದುಕೊಂಡೆ ಎಂಬ ಮಾತು, ಸ್ವಾಧೀನ ಬಿಟ್ಟುಕೊಡುವುದು. ಬಾಯಿಮಾತಿನಲ್ಲೂ ಅದು ಸಿಂಧುವೇ. ಆದರೆ ಪಹಣಿ, ಖಾತೆ ಬದಲಾಗಬೇಕಾದರೆ ನೋಂದಣಿ ಮಾಡಿಸುವುದೇ ವಾಸಿ. ಕುಟುಂಬದೊಳಗಿನ ದಾನಪತ್ರಕ್ಕೆ ಮುದ್ರಾಂಕ ಶುಲ್ಕದಲ್ಲಿ ದೊಡ್ಡ ರಿಯಾಯಿತಿಯೂ ಇದೆ. ಉಪ್ಪ ಹೀಗೆ ಒಬ್ಬನಿಗೆ ಕೊಡುವಾಗ ಉಳಿದ ಮಕ್ಕಳನ್ನೂ ಹೆಣ್ಣುಮಕ್ಕಳನ್ನೂ ಕೂರಿಸಿ, ಯಾಕೆ ಕೊಡುತ್ತಿದ್ದೇನೆ ಎಂದು ಹೇಳಿ ಕೊಡಬೇಕು. ಗುಟ್ಟಾಗಿ ಮಾಡಿದರೆ ಅದು ಇನ್ನೊಂದು ಪಂಚಾತಿಕೆಗೆ ಪಂಚಾಂಗ ಹಾಕಿದ ಹಾಗೆ.

ಗಲ್ಫಿನವರು ಇನ್ನೊಂದು ವಿಷಯ ತಿಳಿದಿರಬೇಕು. ಅನಿವಾಸಿ ಭಾರತೀಯನಿಗೆ ಊರಲ್ಲಿ ಮನೆ, ಕನ್ವರ್ಶನ್ ಆದ ನಿವೇಶನ ಖರೀದಿಸಬಹುದು, ಕೃಷಿ ಜಮೀನು ಖರೀದಿಸಲಿಕ್ಕಿಲ್ಲ. ವಾರೀಸಾಗಿ ಬಂದರೆ ಅದು ಬೇರೆ. ಎಷ್ಟೋ ಮಂದಿ ಅಗ್ಗಕ್ಕೆ ಸಿಕ್ಕಿದ ಕೃಷಿ ಜಾಗವನ್ನು ಉಪ್ಪನ ಹೆಸರಲ್ಲೋ ತಮ್ಮನ ಹೆಸರಲ್ಲೋ ಮಾಡಿಸಿ, "ಆಮೇಲೆ ನನ್ನ ಹೆಸರಿಗೆ ಮಾಡಿದರಾಯಿತು" ಎಂದು ಬಿಡುತ್ತಾರೆ. ಇಲ್ಲಿ ಬೇನಾಮಿ ಕಾಯ್ದೆ ಅಡ್ಡ ಬರುತ್ತದೆ. 1988ರ ಆ ಕಾಯ್ದೆಯನ್ನು 2016ರಲ್ಲಿ ಬಿಗಿಗೊಳಿಸಿದ್ದಾರೆ. ಕಾನೂನುಬದ್ಧ ಸಂಪಾದನೆಯಿಂದ ಹೆಂಡತಿ, ಮಕ್ಕಳ ಹೆಸರಲ್ಲಿ ತೆಗೆದರೆ ತೊಂದರೆ ಇಲ್ಲ. ಅಣ್ಣ ತಮ್ಮ, ಅಕ್ಕ ತಂಗಿ, ತಂದೆ ತಾಯಿಯ ಹೆಸರಲ್ಲಿ ತೆಗೆಯುವುದಾದರೆ ದುಡ್ಡು ಕೊಟ್ಟವನ ಹೆಸರೂ ಜಂಟಿ ಮಾಲಕನಾಗಿ ದಾಖಲೆಯಲ್ಲಿ ಇರಬೇಕು. ಇಲ್ಲದಿದ್ದರೆ ನಾಳೆ ಕೋರ್ಟಿಗೆ ಹೋಗಿ "ಹೆಸರು ಅವನದ್ದು, ದುಡ್ಡು ನನ್ನದು, ಜಾಗ ನನಗೆ ಕೊಡಿಸಿ" ಎಂದು ಕೇಳುವ ದಾರಿ ಮುಚ್ಚಿರುತ್ತದೆ. ದುಡ್ಡು ಬ್ಯಾಂಕಿನ ಮೂಲಕವೇ ಬರಲಿ ಎಂದೂ ಅದಕ್ಕೇ ಹೇಳುವುದು. ಎರಡು ಕಾಸು ಹೆಚ್ಚು ಸಿಗುತ್ತದೆ ಎಂದು ಹುಂಡಿಯಲ್ಲಿ ಕಳಿಸಿದ್ದಕ್ಕೆ ಚೀಟಿಯೂ ಇಲ್ಲ, ಸಾಕ್ಷಿಯೂ ಇಲ್ಲ, ಕಾನೂನೂ ಇಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಒಬ್ಬರು ಹಿರಿಯರು ನಮ್ಮನ್ನು ಕೇಳಿದರು, "ಹೀಗೆ ಲೆಕ್ಕ ಮಾಡಿದರೆ ಯಾವ ಮಗ ಉಪ್ಪನಿಗೆ ಮನೆ ಕಟ್ಟಿಸಿಕೊಡ್ತಾನೆ?" ಮಾತು ತೆಗೆದುಹಾಕುವಂಥದ್ದಲ್ಲ. ಉಪ್ಪ ಉಮ್ಮನಿಗೆ ಪುಕ್ಕಟೆಯಾಗಿ ಮನೆ ಕಟ್ಟಿಸಿ ಕೊಡುವುದು ಪುಣ್ಯದ ಕೆಲಸ. ಆದರೆ ಹಿಬಾ ಎಂದು ಕೊಡುವವನು ಹಿಬಾ ಎಂದೇ ತಿಳಿದು ಕೊಡಲಿ. ನಾಳೆ ಅದು ಉಪ್ಪನ ಆಸ್ತಿ, ತಂಗಿಯರಿಗೂ ಪಾಲು ಹೋಗುತ್ತದೆ, ತಾನು ಮೊದಲು ಹೋದರೆ ತನ್ನ ಮಕ್ಕಳಿಗೆ ಬರುವುದಿಲ್ಲ ಎಂದು ಗೊತ್ತಿದ್ದು, ಹೆಂಡತಿಗೂ ಹೇಳಿ ಕೊಡಲಿ. ಅಂಥವನ ಕೈ ನಾವು ಹಿಡಿಯುವುದಿಲ್ಲ. ಕೊಡುವಾಗ ಹಿಬಾ, ಜಗಳ ಬಂದಾಗ ಕರ್ಝ್, ಪಾಲಿನ ದಿನ "ನನ್ನದೇ ಮನೆ" ಎನ್ನುವುದಕ್ಕೆ ನಮ್ಮ ಆಕ್ಷೇಪ. ಊರಲ್ಲಿದ್ದು ಮನೆ ಕಟ್ಟಿಸಿದ ಕಿರಿಯವನ ಎರಡು ವರ್ಷದ ದುಡಿಮೆಯನ್ನೂ ಯಾರಾದರೂ ಬಾಯಿಬಿಟ್ಟು ಹೇಳಿ, ಅದಕ್ಕೊಂದು ಬೆಲೆ ಕಟ್ಟಿ. ಅವನು ಕೇಳುವುದಿಲ್ಲ, ಕೇಳದಿರುವುದೇ ಆಮೇಲೆ ಕಹಿಯಾಗುತ್ತದೆ.

ಆ ಮನೆಯ ಪಂಚಾತಿಕೆ ಮೂರು ಸಲ ಕೂತಿತು. ಬ್ಯಾಂಕಿನ ಚೀಟಿ ಸ್ವಲ್ಪ ಸಿಕ್ಕಿತು, ಉಳಿದದ್ದು ಹುಂಡಿಯಲ್ಲಿ ಬಂದದ್ದು. ಉಪಕಾರಕ್ಕೆ ಬಂದದ್ದು ಮೇಸ್ತ್ರಿಯ ಲೆಕ್ಕದ ಪುಸ್ತಕ. "ದಮಾಮಿನಿಂದ ಬಂದದ್ದು" ಎಂದು ತಾರೀಕು ಹಾಕಿ ಬರೆದಿಟ್ಟಿದ್ದ ಪುಣ್ಯಾತ್ಮ. ಅದನ್ನು ಓದಿಸಿ ಕೇಳಿದ ಉಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅವನು ಕಳಿಸುವಾಗ ಯಾಕೆ ಕಳಿಸ್ತಿ ಅಂತ ನಾನು ಕೇಳ್ಲಿಲ್ಲ, ಈಗ ಕೇಳುವ ಅಂದರೆ ಅವನಿಲ್ಲ" ಎಂದರು. ವಾರೀಸು ಪಾಲು ಇಲ್ಲದ ಮೊಮ್ಮಕ್ಕಳಿಗೆ ವಸಿಯ್ಯತ್ ಬರೆಯಬಹುದು, ಆಸ್ತಿಯ ಮೂರನೆಯ ಒಂದು ಭಾಗದವರೆಗೆ. ಬದುಕಿರುವಾಗಲೇ ಹಿಬಾ ಮಾಡುವುದಾದರೆ ಆ ಮಿತಿ ಇಲ್ಲ. ಉಸ್ತಾದರು ಎರಡೂ ದಾರಿ ತಿಳಿಸಿದರು. ಉಪ್ಪ ಮೇಲಿನ ಅಂತಸ್ತನ್ನು ಇಬ್ಬರು ಮೊಮ್ಮಕ್ಕಳ ಹೆಸರಿಗೆ ದಾನಪತ್ರ ಮಾಡಿಸಿದರು. ಸೊಸೆಯ 208 ಗ್ರಾಂ ಬಂಗಾರ ಸಾಲ ಎಂದು ಬೇರೆ ಕಾಗದದಲ್ಲಿ ಬಂತು, ಮೂರು ಕಂತಿನಲ್ಲಿ ತಿರುಗಿ ಕೊಡುವ ಮಾತಿಗೆ.

ಆ ತಂದೆ ಬದುಕಿದ್ದರು, ಮನಸ್ಸು ದೊಡ್ಡದಿತ್ತು, ಮೇಸ್ತ್ರಿ ಪುಸ್ತಕ ಇಟ್ಟಿದ್ದ. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ನಮ್ಮ ಕೈಯಲ್ಲಿ ಏನೂ ಆಗುತ್ತಿರಲಿಲ್ಲ. ಎರಡನೆಯ ಮಗನಿಗೆ ಇದು ಸರಿಬರಲಿಲ್ಲ. ತಾನೂ ಮೇಲಿನ ಅಂತಸ್ತಿಗೆ ದುಡ್ಡು ಹಾಕಿದ್ದೇನೆ ಎಂದ, ಅದೂ ಸುಳ್ಳಲ್ಲ, ಅದಕ್ಕೂ ಬರಹ ಇರಲಿಲ್ಲ. ಒಂದು ವರ್ಷ ಅತ್ತಿಗೆಯೊಡನೆ ಮಾತಾಡಲಿಲ್ಲ, ನಮಗೆ ಮಸೀದಿಯಲ್ಲಿ ಸಲಾಂ ಹೇಳುವಾಗಲೂ ಮುಖ ಬೇರೆ ಕಡೆ.

ಕಳೆದ ತಿಂಗಳು ಜುಮುಆ ಮುಗಿಸಿ ಚಪ್ಪಲಿ ಹುಡುಕುತ್ತಿದ್ದಾಗ ಅವನೇ ಹತ್ತಿರ ಬಂದ. 5 ಸೆಂಟ್ಸ್ ನಿವೇಶನ ಮಾತಾಗಿದೆಯಂತೆ, ಅವನದ್ದೂ ಹೆಂಡತಿಯ ತಮ್ಮನದ್ದೂ ಸೇರಿ. ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದು, "ಇದನ್ನೊಮ್ಮೆ ನೋಡಿ, ಸರಿ ಉಂಟಾ?" ಎಂದ. ಯಾರು ಎಷ್ಟು ಎಂದು ಕೈಬರಹದಲ್ಲಿ ಪಟ್ಟಿ ಮಾಡಿದ್ದ. ಮೊದಲ ಸಾಲಿನಲ್ಲೇ ಹೆಂಡತಿಯ ಬಂಗಾರ ಇತ್ತು, ರೂಪಾಯಿಯಲ್ಲಿ. ತೂಕ ಬರೆಸಿ ಕಳಿಸಿದೆವು.